ಅಮ್ಮ ಹೋಗಿ 23 ದಿನ ಆಯ್ತು, ಸತ್ತವರು ಮನೆಗೆ ಬರ್ತಾರೆ ಅಂತ ಬೈಬಲ್‌ನಲ್ಲಿ ಎಲ್ಲಾದ್ರೂ ಇದ್ಯಾ?

ಕಮ್ಮನಹಳ್ಳಿಯವ:
ಎಲ್ಲರಿಗೂ ನಮಸ್ಕಾರ. ಅಮ್ಮ ತೀರಿಕೊಂಡು ಇವತ್ತಿಗೆ 23 ದಿನ. ಎರಡು ವರ್ಷ ಡಯಾಲಿಸಿಸ್ ಆಯ್ತು, ಕೊನೆಗೆ ಆಗ್ಲಿಲ್ಲ. ಹೊಸೂರು ರೋಡ್ ಸ್ಮಶಾನದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದ್ವಿ. ಅಪ್ಪನ ಕಡೆ ಮೂರು ತಲೆಮಾರಿಂದ ಸಿಎಸ್‌ಐ ಅಂದ್ರೆ ಪ್ರೊಟೆಸ್ಟೆಂಟ್ ಸಭೆಯವ್ರು, ಅಮ್ಮ ಮಾಗಡಿ ಕಡೆಯವಳು, ಮದುವೆ ಆಗೋ ಮುಂಚೆ ದೀಕ್ಷಾಸ್ನಾನ ತಗೊಂಡಿದ್ದು. ಅವಳ ಅಕ್ಕ ಅಂದ್ರೆ ನಮ್ಮ ದೊಡ್ಡಮ್ಮ ಈಗ ನಮ್ಮನೇಲೇ ಇದ್ದು ಅಡುಗೆ ಮಾಡಿ ಹಾಕ್ತಿದಾರೆ, ಅವರಿಲ್ದಿದ್ರೆ ನಾನು ಊಟಾನೂ ಮಾಡ್ತಿರ್ಲಿಲ್ಲ, ಅದನ್ನ ಮೊದಲೇ ಹೇಳ್ಬಿಡ್ತೀನಿ.

ವಿಷಯ ಏನಂದ್ರೆ ಅಮ್ಮ ದಿನಾ ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸ್ಟೀಲ್ ಫಿಲ್ಟರ್‌ಗೆ ಪುಡಿ ಹಾಕಿ ಬಿಸಿನೀರು ಹೊಯ್ದು ಮುಚ್ಚಳ ಮುಚ್ಚೋಳು, ಆ ಟಕ್ ಅನ್ನೋ ಶಬ್ದಕ್ಕೆ ನಂಗೆ ಅರ್ಧ ಎಚ್ಚರ ಆಗಿ ಮತ್ತೆ ನಿದ್ದೆ ಬರೋದು. ಈಗ್ಲೂ ಕೇಳ್ಸುತ್ತೆ. ಮೂರು ಸಲ ಎದ್ದು ಹೋಗಿ ನೋಡಿದೀನಿ, ಅಡುಗೆಮನೆ ಕತ್ತಲೆ, ಫಿಲ್ಟರ್ ಸ್ಟ್ಯಾಂಡ್‌ನಲ್ಲಿ ಕವುಚಿ ಹಾಕಿದ್ದು ಹಾಗೇ ಇದೆ. ದೊಡ್ಡಮ್ಮನಿಗೆ ಹೇಳಿದ್ದೇ ತಪ್ಪಾಯ್ತು. 11ನೇ ದಿನ ಅವ್ರು ಮಹಡಿ ಮೇಲೆ ಎಡೆ ಇಟ್ಟಿದ್ರಂತೆ, ಕಾಗೆ ಮುಟ್ಲಿಲ್ವಂತೆ, ಅವಳಿಗೆ ಏನೋ ಆಸೆ ಉಳಿದಿದೆ, ಇಲ್ಲೇ ಸುತ್ತಾಡ್ತಿದಾಳೆ ಅಂತಾರೆ. ಮಾಗಡಿ ರೋಡ್ ಕಡೆ ಮೈಮೇಲೆ ಬರ್ಸ್ಕೊಂಡು ಸತ್ತವರ ಹತ್ರ ಮಾತಾಡ್ಸೋರು ಒಬ್ರು ಇದಾರೆ, ಭಾನುವಾರ ಹೋಗೋಣ ಅಂತಿದಾರೆ. ಆ ಕಡೆ ಒಂದು ಪ್ರೇಯರ್ ಗ್ರೂಪ್‌ನವ್ರು ಮನೆಗೆ ಬಂದು, ನಿಮ್ಮ ತಾಯಿ ಹಳೇ ನಂಟು ಪೂರ್ತಿ ಬಿಟ್ಟಿರ್ಲಿಲ್ಲ ಅದಕ್ಕೇ ಈಗ ದೆವ್ವವಾಗಿದಾರೆ, ಮೂರು ಉಪವಾಸ ಪ್ರಾರ್ಥನೆ ಇಟ್ಕೊಂಡು ಬಿಡುಗಡೆ ಮಾಡ್ಬೇಕು ಅಂತ ಹೇಳಿ ಕಾಣಿಕೆ ಎಷ್ಟು ಅಂತಾನೂ ಹೇಳಿ ಹೋದ್ರು. ಅವತ್ತು ರಾತ್ರಿ ನಂಗೆ ಊಟ ಇಳೀಲಿಲ್ಲ. ನಮ್ಮಮ್ಮ ದೆವ್ವ ಅಂತೆ.

ದಯವಿಟ್ಟು ಬೈಬಲ್ ಏನು ಹೇಳುತ್ತೆ ಅಷ್ಟು ಹೇಳಿ. ಸಮಾಧಾನಕ್ಕೆ ಅಂತ ಏನೋ ಒಂದು ಹೇಳ್ಬೇಡಿ.

ಬೈಬಲ್ ಕ್ಲಾಸ್ ಅಕ್ಕ:
ತಮ್ಮಾ, ಓದಿ ಕಣ್ಣಲ್ಲಿ ನೀರು ಬಂತು. ಮೊದಲು ಆ ಪ್ರೇಯರ್ ಗ್ರೂಪ್ ಮಾತಿಗೆ ಉತ್ತರ ಕೊಡ್ತೀನಿ, ಯಾಕಂದ್ರೆ ನಿನ್ನನ್ನ ಕೊರೀತಿರೋದು ಅದು.

ನಾವು ಕನ್ನಡದವ್ರು ದೆವ್ವ ಅಂದ ತಕ್ಷಣ ತಲೇಲಿ ಬರೋದು ಸತ್ತವರು. ನೇಣು ಹಾಕ್ಕೊಂಡವ್ರು, ಬಾಣಂತಿಯಾಗಿ ಹೋದವ್ಳು, ಆಸೆ ತೀರದೆ ಹೋದವ್ರು. ಆದ್ರೆ ಕನ್ನಡ ಬೈಬಲ್‌ನಲ್ಲಿ ಯೇಸು ದೆವ್ವ ಬಿಡಿಸಿದ ಅಂತ ಬರೋ ಕಡೆ ಒಂದ್ರಲ್ಲೂ ಆ ದೆವ್ವ ಒಬ್ಬ ಸತ್ತ ಮನುಷ್ಯ ಅಂತ ಇಲ್ಲ. ಅಶುದ್ಧಾತ್ಮ ಅಂತಾನೂ ಕರೀತಾರೆ, ಅದು ಮನುಷ್ಯನಾಗಿ ಹುಟ್ಟಿ ಸತ್ತಿದ್ದೇ ಅಲ್ಲ, ಬೇರೆ ಬಗೆಯ ಜೀವ, ದೇವರಿಗೆ ತಿರುಗಿಬಿದ್ದಿದ್ದು. ಮಾರ್ಕ 5ನೇ ಅಧ್ಯಾಯ ತೆಗೆದು ನೋಡು. ಗೆರಸೇನರ ಸೀಮೆಯ ಆ ಮನುಷ್ಯ ಸಮಾಧಿಗಳ ಮಧ್ಯಾನೇ ವಾಸ ಮಾಡ್ತಿದ್ದ, ಸರಪಳಿ ಕಿತ್ತು ಹಾಕ್ತಿದ್ದ, ಕಲ್ಲಿಂದ ಮೈ ಕುಯ್ಕೊಳ್ತಿದ್ದ, ಅವನಿಂದ ಹೊರಗೆ ಬಂದಿದ್ದು ಸುಮಾರು 2000 ಹಂದಿಗಳ ಒಳಗೆ ಹೋಯ್ತು. ಸ್ಮಶಾನದಲ್ಲೇ ನಡೆದ ಕಥೆ, ಆದ್ರೂ ಅಲ್ಲಿ ಹೂತಿದ್ದವರ ಆತ್ಮ ಅವನಿಗೆ ಮೆಟ್ಕೊಂಡಿತ್ತು ಅಂತ ಮಾರ್ಕ ಹೇಳೋದೇ ಇಲ್ಲ. ಹೇಳೋಕೆ ಅದಕ್ಕಿಂತ ಒಳ್ಳೇ ಜಾಗ ಯಾವ್ದಿತ್ತು? ಹಾಗಾಗಿ ಮನುಷ್ಯ ಸತ್ತು ದೆವ್ವ ಆಗ್ತಾನೆ ಅನ್ನೋದು ಬೈಬಲ್ ಮಾತಲ್ಲ, ನಮ್ಮ ಊರಿನ ಮಾತಿಗೆ ಬೈಬಲ್ ರಟ್ಟು ಹಾಕಿರೋದು. ಕಾಣಿಕೆ ಕೊಡ್ಬೇಡ.

ಇನ್ನು ಮನೆಗೆ ಬರ್ತಾರಾ ಅನ್ನೋದು. ಯೋಬ 7:9-10. ಮೋಡ ಕರಗಿ ಹೋದ ಹಾಗೆ ಪಾತಾಳಕ್ಕೆ ಇಳಿದವನು ಮತ್ತೆ ಏರಿ ಬರಲ್ಲ, ತನ್ನ ಮನೆಗೆ ತಿರುಗಿ ಬರಲ್ಲ, ಅವನಿದ್ದ ಜಾಗ ಅವನನ್ನ ಮತ್ತೆ ಗುರುತಿಸಲ್ಲ ಅಂತ. ಮನೆ ಅನ್ನೋ ಮಾತೇ ಇದೆ ನೋಡು ಅಲ್ಲಿ.

ಚಾಮರಾಜಪೇಟೆ ಮೇಷ್ಟ್ರು:
ಅಕ್ಕ ಹೇಳಿದ್ದು ಸರಿಯಾಗಿದೆ. ನಾನು ಕನ್ನಡ ಪಾಠ ಮಾಡಿ ರಿಟೈರ್ ಆದವನು, ಹಾಗಾಗಿ ಪದದ ಕಡೆಯಿಂದ ಸ್ವಲ್ಪ ಹೇಳ್ತೀನಿ, ಉದ್ದ ಆದ್ರೆ ಕ್ಷಮಿಸಿ. ಗೊಂದಲದಲ್ಲಿ ಅರ್ಧ ಪಾಲು ಪದದ್ದೇ.

ಹೀಬ್ರೂನಲ್ಲಿ ರೂವಾಹ್ ಅಂತ ಒಂದು ಪದ. ಗಾಳಿ ಅಂದ್ರೂ ಅದೇ, ಉಸಿರು ಅಂದ್ರೂ ಅದೇ, ಆತ್ಮ ಅಂದ್ರೂ ಅದೇ. ಗ್ರೀಕ್‌ನ ನ್ಯೂಮಾ ಕೂಡ ಹಾಗೇ. ನಮ್ಮಲ್ಲೂ ಗಾಳಿ ಸೋಕಿದೆ ಅಂದ್ರೆ ಫ್ಯಾನ್ ಗಾಳಿ ಅಂತ ಯಾರೂ ತಿಳ್ಕೊಳಲ್ಲ ಅಲ್ವಾ. ಇನ್ನೊಂದು ನೆಫೆಶ್, ಜೀವ ಇಲ್ಲ ಜೀವಿ ಅಂತ ಅರ್ಥ, ಹಳೇ ಒಡಂಬಡಿಕೇಲಿ ಅಂದ್ರೆ ಬೈಬಲ್‌ನ ಮೊದಲ ಭಾಗದಲ್ಲಿ 700ಕ್ಕೂ ಹೆಚ್ಚು ಸಲ ಬರುತ್ತೆ, ಇಂಗ್ಲಿಷ್‌ನವ್ರು ಸೋಲ್ ಅಂತ ಮಾಡ್ಕೊಂಡ್ರು. ಆದಿಕಾಂಡ 2:7ರಲ್ಲಿ ದೇವರು ಮಣ್ಣಿಂದ ಮನುಷ್ಯನನ್ನ ಮಾಡಿ ಮೂಗಲ್ಲಿ ಉಸಿರು ಊದಿದಾಗ ಮನುಷ್ಯ ನೆಫೆಶ್ ಆದ ಅಂತಿದೆ, ನೆಫೆಶ್ ಅವನೊಳಗೆ ಬಂದು ಕೂತ್ಕೊಂಡ್ತು ಅಂತಿಲ್ಲ. ಅದೇ ಪದ 1ನೇ ಅಧ್ಯಾಯದಲ್ಲಿ ಮೀನಿಗೂ ಪ್ರಾಣಿಗೂ ಬಂದಿದೆ, ಅರಣ್ಯಕಾಂಡ 6:6ರಲ್ಲಿ ಹೆಣಕ್ಕೂ ಬಂದಿದೆ. ಅಂದ್ರೆ ಹಳೇ ಬಟ್ಟೆ ಬಿಟ್ಟು ಹೊಸದು ಹಾಕ್ಕೊಳೋ ಆತ್ಮ ಅಂತ ನಾವು ಚಿಕ್ಕಂದಿಂದ ಕೇಳಿದೀವಲ್ಲ, ಹೀಬ್ರೂ ಜನ ಮನುಷ್ಯನನ್ನ ಹಾಗೆ ಎರಡು ಭಾಗ ಮಾಡಿ ನೋಡ್ತಾನೇ ಇರ್ಲಿಲ್ಲ.

ಪಾತಾಳದ್ದೂ ಅದೇ ಕಥೆ. ಮೂಲದಲ್ಲಿ ಶೆಯೋಲ್, 60ಕ್ಕೂ ಹೆಚ್ಚು ಸಲ ಬರುತ್ತೆ. ಒಳ್ಳೆಯವ್ರು ಕೆಟ್ಟವ್ರು ಎಲ್ರೂ ಹೋಗೋ ಜಾಗ, ಕತ್ತಲೆ, ಮೌನ. ಕನ್ನಡಕ್ಕೆ ತರುವಾಗ ಪಾತಾಳ ಅಂತ ಇಟ್ರು, ನಮ್ಮ ಕಿವಿಗೆ ಅದು ನಾಗಲೋಕ. ನರಕ ಅನ್ನೋದು ಬೇರೆ, ಅದು ಗೆಹೆನ್ನ, ಯೆರೂಸಲೇಮಿನ ದಕ್ಷಿಣಕ್ಕಿರೋ ಹಿನ್ನೋಮ್ ಕಣಿವೆಯಿಂದ ಬಂದ ಹೆಸರು. ಇದನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ಅಲ್ಲಾಡಿಸಿದ್ರೆ ಯಾರಿಗಾದ್ರೂ ಭಯ ಆಗುತ್ತೆ.

90ರ ದಶಕದಲ್ಲಿ ಬೆಂಗಳೂರಲ್ಲಿ ದೆವ್ವ ವಾಪಸ್ ಹೋಗ್ಲಿ ಅಂತ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೀತಿದ್ದದ್ದು ಹಳಬರಿಗೆ ನೆನಪಿರ್ಬೇಕು. ನಮ್ಮ ಬೀದೀಲಿ ಕ್ರಿಶ್ಚಿಯನ್ನರ ಮನೆ ಬಾಗಿಲ ಮೇಲೂ ಬರೆದಿದ್ರು, ಶಿಲುಬೆ ಸ್ಟಿಕ್ಕರ್ ಪಕ್ಕದಲ್ಲೇ. ಭಯಕ್ಕೆ ಜಾತಿ ಇಲ್ಲ.

ಕಮ್ಮನಹಳ್ಳಿಯವ:
ಅಕ್ಕ, ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ದೆವ್ವ ಪದದ ವಿಷಯ ಓದಿ ಎದೆ ಮೇಲಿಂದ ಕಲ್ಲು ಇಳಿಸಿದ ಹಾಗಾಯ್ತು. ಆದ್ರೆ ಒಂದು ಕೇಳ್ಬೇಕು. ರಾಜ ಸೌಲ ಒಬ್ಬ ಹೆಂಗಸಿನ ಹತ್ರ ಹೋಗಿ ಸತ್ತ ಪ್ರವಾದಿ ಸಮುವೇಲನನ್ನ ಕರೆಸಿ ಮಾತಾಡಿದ್ದು ಬೈಬಲ್‌ನಲ್ಲೇ ಇದೆಯಲ್ಲ? ಸಂಡೇ ಸ್ಕೂಲ್‌ನಲ್ಲಿ ಕೇಳಿದ ನೆನಪು. ಹಾಗಿದ್ರೆ ದೊಡ್ಡಮ್ಮ ಹೇಳೋ ಜಾಗಕ್ಕೆ ಹೋದ್ರೆ ಅಮ್ಮ ಮಾತಾಡ್ಬಹುದಲ್ವಾ? ನಿಜ ಹೇಳ್ಬೇಕಂದ್ರೆ ನಂಗೆ ಹೋಗೋ ಆಸೆ ಇದೆ. ಕೊನೇ ದಿನ ಅಮ್ಮ ಐಸಿಯುನಲ್ಲಿದ್ಲು, ಬಾಯಲ್ಲಿ ಟ್ಯೂಬ್ ಇತ್ತು, ಏನೋ ಹೇಳೋಕೆ ನೋಡಿದ್ಲು, ನಂಗೆ ಗೊತ್ತಾಗ್ಲಿಲ್ಲ.

ಬೈಬಲ್ ಕ್ಲಾಸ್ ಅಕ್ಕ:
ಅಯ್ಯೋ ತಮ್ಮಾ.

1 ಸಮುವೇಲ 28. ಇದನ್ನ ನಿಧಾನವಾಗಿ ಓದ್ಬೇಕು, ಯಾಕಂದ್ರೆ ಹೋಗ್ಬಹುದು ಅನ್ನೋಕೆ ಇದನ್ನೇ ಸಾಕ್ಷಿ ಮಾಡ್ತಾರೆ, ಆದ್ರೆ ಅದು ಇಡೀ ಬೈಬಲ್‌ನಲ್ಲೇ ತುಂಬಾ ದುಃಖದ ರಾತ್ರಿಗಳಲ್ಲಿ ಒಂದು. ಸತ್ತವರನ್ನ ಕರೆಸೋರನ್ನೆಲ್ಲ ದೇಶದಿಂದ ಓಡಿಸಿದ್ದು ಇದೇ ಸೌಲ. ಈಗ ಫಿಲಿಷ್ಟಿಯರ ದಂಡು ಎದುರಿಗಿದೆ, ದೇವರು ಕನಸಲ್ಲೂ ಉತ್ತರ ಕೊಡ್ತಿಲ್ಲ, ಪ್ರವಾದಿಗಳಿಂದಲೂ ಇಲ್ಲ, ಹೆದರಿ ನಡುಗ್ತಾ ರಾಜನ ಬಟ್ಟೆ ಬಿಚ್ಚಿ ಬೇರೆ ಹಾಕ್ಕೊಂಡು ರಾತ್ರೀಲಿ ಏಂದೋರ್ ಅನ್ನೋ ಊರಿಗೆ ಹೋಗ್ತಾನೆ. ಅವನಿಗೆ ಏನೂ ಕಾಣಲ್ಲ, ಗಮನಿಸು, ನಿಂಗೇನು ಕಾಣ್ತಿದೆ ಅಂತ ಅವಳನ್ನ ಕೇಳ್ತಾನೆ, ನಿಲುವಂಗಿ ಹೊದ್ದ ಮುದುಕ ಅಂತಾಳೆ. ಬಂದಿದ್ದು ನಿಜವಾಗ್ಲೂ ಸಮುವೇಲನಾ, ದೇವರೇ ಆ ಒಂದ್ಸಲಕ್ಕೆ ಬಿಟ್ಟಿದ್ದಾ, ಇಲ್ಲ ಮೋಸದ ಆತ್ಮವಾ ಅಂತ ದೊಡ್ಡ ದೊಡ್ಡವರೇ ಬೇರೆ ಬೇರೆ ಹೇಳಿದಾರೆ. ನಂಗೆ ಅನ್ಸೋದು ದೇವರೇ ಬಿಟ್ಟಿದ್ದು ಅಂತ, ಯಾಕಂದ್ರೆ ಆ ಹೆಂಗಸೇ ನೋಡಿ ಕಿರುಚಿಕೊಂಡ್ಲು, ಅವಳ ಕೈಚಳಕ ಆಗಿದ್ರೆ ಯಾಕೆ ಕಿರುಚ್ತಿದ್ಲು.

ಆದ್ರೆ ಸೌಲನಿಗೆ ಸಿಕ್ಕಿದ್ದೇನು? ನನ್ನನ್ನ ಯಾಕೆ ಎಬ್ಬಿಸಿ ತೊಂದ್ರೆ ಕೊಟ್ಟೆ ಅನ್ನೋ ಬೈಗುಳ, ಆಮೇಲೆ ನಾಳೆ ನೀನೂ ನಿನ್ನ ಮಕ್ಕಳೂ ನನ್ನ ಜೊತೆ ಇರ್ತೀರಿ ಅನ್ನೋ ಮಾತು. ಒಂದು ಸಮಾಧಾನ ಇಲ್ಲ, ನಾಳೆಯ ಸಾವಿನ ಸುದ್ದಿ ಬಿಟ್ರೆ ಹೊಸ ವಿಷಯವೂ ಇಲ್ಲ, ಬದುಕಿದ್ದಾಗ ಸಮುವೇಲ ಹೇಳಿದ್ದೇ ಮತ್ತೆ. ಸೌಲ ನೆಲಕ್ಕೆ ಬಿದ್ದ. ಕೊನೇಲಿ ಆ ಹೆಂಗಸೇ ಅವನಿಗೆ ಕರು ಕಡಿದು ಹಿಟ್ಟು ನಾದಿ ಹುಳಿಯಿಲ್ಲದ ರೊಟ್ಟಿ ಸುಟ್ಟು ಊಟ ಹಾಕಿದ್ಲು. 1 ಪೂರ್ವಕಾಲ 10:13ರಲ್ಲಿ ಸೌಲ ಸತ್ತಿದ್ದಕ್ಕೆ ಇದೂ ಒಂದು ಕಾರಣ ಅಂತ ಬರೆದಿದೆ. ಧರ್ಮೋಪದೇಶಕಾಂಡ 18:10ರಿಂದ 12, ಸತ್ತವರನ್ನ ವಿಚಾರಿಸೋದು ಬೇಡವೇ ಬೇಡ. ಯೆಶಾಯ 8:19ರಲ್ಲಿ ಬದುಕಿರೋರಿಗೋಸ್ಕರ ಸತ್ತವರನ್ನ ಕೇಳ್ತೀರಾ ಅನ್ನೋ ಪ್ರಶ್ನೆ ಇದೆ.

ಹೋಗ್ಬೇಡ. ಅಲ್ಲಿ ಯಾರೋ ನಿಮ್ಮಮ್ಮನ ದನೀಲಿ ಏನೋ ಹೇಳ್ತಾರೆ, ಅದು ನಿಮ್ಮಮ್ಮ ಹೇಳೋಕೆ ಹೊರಟಿದ್ದ ಮಾತು ಅಂತ ನೀನು ಜೀವನಪೂರ್ತಿ ಹೊತ್ಕೊಂಡು ತಿರುಗ್ಬೇಕಾಗುತ್ತೆ.

ನಿದ್ದೆ ಪಕ್ಷ ಹೆಣ್ಣೂರು:
ಬ್ರದರ್, ಬಹಳ ಸಿಂಪಲ್. ಪ್ರಸಂಗಿ 9:5, ಸತ್ತವರಿಗೆ ಯಾವ ತಿಳುವಳಿಕೆಯೂ ಇಲ್ಲ. ಕೀರ್ತನೆ 146:4, ಉಸಿರು ಹೋದ ದಿನಾನೇ ಆಲೋಚನೆಗಳೂ ಮುಗೀತವೆ. ಯೇಸು ಲಾಜರನ ಬಗ್ಗೆ ಹೇಳಿದ್ದು ನಮ್ಮ ಸ್ನೇಹಿತ ನಿದ್ದೆ ಮಾಡ್ತಿದಾನೆ ಅಂತ. ನಾಲ್ಕು ದಿನ ಸತ್ತಿದ್ದ ಲಾಜರ ಎದ್ದು ಬಂದ್ಮೇಲೆ ನಾನು ಅಲ್ಲಿ ಅದು ನೋಡ್ದೆ ಇದು ನೋಡ್ದೆ ಅಂತ ಒಂದು ಮಾತೂ ಬೈಬಲ್‌ನಲ್ಲಿಲ್ಲ. ನಿಮ್ಮಮ್ಮ ಗಾಢ ನಿದ್ದೇಲಿದಾರೆ, ನೋವಿಲ್ಲ, ಸೂಜಿ ಇಲ್ಲ, ಅವರಿಗೆ ಮುಂದಿನ ಕ್ಷಣ ಅಂದ್ರೆ ಪುನರುತ್ಥಾನ, ಕೊನೇ ದಿನ ಎದ್ದು ಬರೋದು. ನೋಡ್ತಾನೂ ಇಲ್ಲ, ಕೇಳ್ತಾನೂ ಇಲ್ಲ.

ವಿವೇಕನಗರದಮ್ಮ:
ಕೇಳ್ತಾನೂ ಇಲ್ಲ ಅಂತ ಅಷ್ಟು ಗಟ್ಟಿಯಾಗಿ ಹೇಳ್ಬೇಡಪ್ಪ ಆ ಹುಡುಗನಿಗೆ. ನಾವು ಕತೋಲಿಕರು, ನಮ್ಮ ನಂಬಿಕೆ ಹೇಳ್ತೀನಿ. ಸತ್ತವರು ದೇವರ ಕೈಲಿದಾರೆ, ಪೂರ್ತಿ ಶುದ್ಧಿಯಾಗದೆ ಹೋದವ್ರಿಗೆ ಶುದ್ಧೀಕರಣ ಇದೆ, ನಮ್ಮ ಪ್ರಾರ್ಥನೆ ಅವರಿಗೆ ಸಹಾಯ ಆಗುತ್ತೆ. 2 ಮಕ್ಕಬಿಯ 12ರಲ್ಲಿ ಯೂದ ಅನ್ನೋ ಯೆಹೂದ್ಯ ನಾಯಕ ಯುದ್ಧದಲ್ಲಿ ಸತ್ತವರಿಗೋಸ್ಕರ ಸುಮಾರು 2000 ಬೆಳ್ಳಿ ನಾಣ್ಯ ಸೇರಿಸಿ ಯೆರೂಸಲೇಮಿಗೆ ಕಳಿಸ್ತಾನೆ, ಅವರು ಏಳ್ತಾರೆ ಅನ್ನೋ ನಂಬಿಕೆ ಇಲ್ದಿದ್ರೆ ಸತ್ತವರಿಗೆ ಪ್ರಾರ್ಥನೆ ಮಾಡೋದೇ ದಂಡ ಅಂತ ಅಲ್ಲಿದೆ. ನಿಮ್ಮ ಬೈಬಲ್‌ನಲ್ಲಿ ಆ ಪುಸ್ತಕ ಇಲ್ಲ ಅಂತ ಗೊತ್ತು. ಆದ್ರೆ ಒಂದು ಸ್ಪಷ್ಟ ಮಾಡ್ತೀನಿ, ಸತ್ತವರಿಗೋಸ್ಕರ ಪ್ರಾರ್ಥಿಸೋದು ಬೇರೆ ಸತ್ತವರನ್ನ ಕರೆಸೋದು ಬೇರೆ, ಕರೆಸೋದನ್ನ ನಮ್ಮ ಸಭೆಯ ಬೋಧನೆಯೂ ಖಂಡಿತ ಬೇಡ ಅನ್ನುತ್ತೆ.

ನವೆಂಬರ್ 2ಕ್ಕೆ, ಸತ್ತವರನ್ನ ನೆನೆಯೋ ನಮ್ಮ ದಿನ, ಹೊಸೂರು ರೋಡ್ ಸ್ಮಶಾನಕ್ಕೆ ಬಾ ಮಗು. ಗೋರಿ ತೊಳೆದು ಚೆಂಡುಹೂ ಹಾಕಿ ಕ್ಯಾಂಡಲ್ ಹಚ್ಚಿ ಸಾವಿರಾರು ಜನ ನಿಂತಿರ್ತಾರೆ. ನಾನು ನಮ್ಮ ಯಜಮಾನ್ರ ಹತ್ರ 14 ವರ್ಷದಿಂದ ಹೋಗ್ತಿದೀನಿ. ಭಯ ಅನ್ನೋದೇ ಇರಲ್ಲ ಅಲ್ಲಿ.

ನಿದ್ದೆ ಪಕ್ಷ ಹೆಣ್ಣೂರು:
ಅಮ್ಮ, ಗೌರವದಿಂದಲೇ ಹೇಳ್ತೀನಿ, ನೋಯಿಸೋಕಲ್ಲ. ಸತ್ತ ತಕ್ಷಣ ಎಲ್ರೂ ಪರಲೋಕಕ್ಕೆ ಹೋಗೋದಾದ್ರೆ ಕೊನೇ ದಿನದ ಪುನರುತ್ಥಾನ ಯಾಕೆ ಬೇಕು?

ಬೈಬಲ್ ಕ್ಲಾಸ್ ಅಕ್ಕ:
ಪ್ರಶ್ನೆ ಒಳ್ಳೇದೇ, ಆದ್ರೆ ಅಪೊಸ್ತಲ ಪೌಲನನ್ನೂ ಕೇಳ್ಬೇಕಲ್ಲ. ಫಿಲಿಪ್ಪಿ 1:23ರಲ್ಲಿ ಇಲ್ಲಿಂದ ಹೊರಟು ಕ್ರಿಸ್ತನ ಜೊತೆ ಇರೋದೇ ನಂಗೆ ಆಸೆ, ಅದೇ ಬಹಳ ಉತ್ತಮ ಅಂತಾನೆ, ಬರೀ ನಿದ್ದೆ ಆಗಿದ್ರೆ ಏನುತ್ತಮ? ಶಿಲುಬೆ ಮೇಲೆ ಯೇಸು ಪಕ್ಕದವನಿಗೆ ಇವತ್ತೇ ನನ್ನ ಸಂಗಡ ಪರದೈಸಿನಲ್ಲಿ ಇರ್ತೀಯ ಅಂದ. ಗೊತ್ತು, ನಿಮ್ಮವ್ರು ಕಾಮಾ ಜರುಗಿಸಿ "ಇವತ್ತು ನಿನಗೆ ಹೇಳ್ತೀನಿ, ಇರ್ತೀಯ" ಅಂತ ಓದ್ತೀರಿ, ಹಳೇ ಗ್ರೀಕ್ ಪ್ರತಿಗಳಲ್ಲಿ ಕಾಮಾ ಇರ್ಲಿಲ್ಲ ಅನ್ನೋದೂ ನಿಜ. ಆದ್ರೆ ಯೇಸು ಅಷ್ಟು ಸಲ ನಿಮಗೆ ಸತ್ಯವಾಗಿ ಹೇಳ್ತೀನಿ ಅಂದಿದಾನೆ, ಬೇರೆಲ್ಲೂ ಇವತ್ತು ಹೇಳ್ತೀನಿ ಅಂದಿಲ್ಲ.

ಚಾಮರಾಜಪೇಟೆ ಮೇಷ್ಟ್ರು:
ಈ ವಾದ 500 ವರ್ಷದ್ದು ಕಣ್ರಪ್ಪ. ಪ್ರೊಟೆಸ್ಟೆಂಟ್ ಸುಧಾರಕರಲ್ಲೇ ಲೂಥರ್ ಸಾವನ್ನ ನಿದ್ದೆ ಅಂತ ಎಷ್ಟೋ ಕಡೆ ಬರೆದ್ರು, ಕ್ಯಾಲ್ವಿನ್ 1534ರಲ್ಲೇ ನಿದ್ದೆ ವಾದದ ವಿರುದ್ಧ ಒಂದಿಡೀ ಪುಸ್ತಕ ಬರೆದ್ರು, ಅಚ್ಚಾಗಿದ್ದು 1542ರಲ್ಲಿ. ಇವತ್ತು ರಾತ್ರಿ ನಾವು ತೀರ್ಮಾನ ಮಾಡಲ್ಲ. ಆದ್ರೆ ಒಂದು ನೋಡಿ, ಐಶ್ವರ್ಯವಂತ ಮತ್ತು ಲಾಜರನ ಸಾಮ್ಯ (ಯೇಸು ಎಬ್ಬಿಸಿದ ಲಾಜರ ಅಲ್ಲ, ಅದೇ ಹೆಸರಿನ ಒಬ್ಬ ಬಡವ), ಲೂಕ 16, ಸತ್ತವರು ಮಾತಾಡ್ತಾರೆ ಅನ್ನೋಕೆ ಎಲ್ರೂ ತೋರಿಸೋದು ಅದನ್ನೇ. ಅದರಲ್ಲೂ ಆ ಸಾಹುಕಾರ ನನ್ನ ಐದು ಜನ ಅಣ್ಣತಮ್ಮಂದಿರು ಇರೋ ನಮ್ಮಪ್ಪನ ಮನೆಗೆ ಲಾಜರನನ್ನ ಕಳಿಸಿ ಅಂತ ಬೇಡ್ಕೊಳ್ತಾನೆ. ಕಳಿಸ್ಲಿಲ್ಲ. ಮೋಶೆಯ ಗ್ರಂಥ ಪ್ರವಾದಿಗಳ ಗ್ರಂಥ ಇದೆ, ಅದನ್ನ ಕೇಳ್ಲಿ ಅಂತ ಅಬ್ರಹಾಮ ಹೇಳಿಬಿಟ್ಟ. ನಿದ್ದೆ ಅನ್ನೋರು, ಕ್ರಿಸ್ತನ ಜೊತೆ ಅನ್ನೋರು, ಶುದ್ಧೀಕರಣ ಅನ್ನೋರು, ಮೂರು ಜನಾನೂ ಒಪ್ಪೋದು ಇದನ್ನ, ಸತ್ತವರು ಅಡ್ರೆಸ್ ಹುಡ್ಕೊಂಡು ಮನೆಗೆ ಬರಲ್ಲ. ಈ ಹುಡುಗ ಕೇಳಿದ್ದು ಅಷ್ಟನ್ನೇ.

ನೈಟ್ ಡ್ಯೂಟಿ ಸಿಸ್ಟರ್:
ನಾನು ಐಸಿಯು ನರ್ಸ್. ಎರಡು ವಿಷಯ. ಒಂದು, ಆ ಶಬ್ದ. ತೀರಿಹೋದವರ ದನಿ, ಹೆಜ್ಜೆ, ಕೆಮ್ಮು ಕೇಳಿಸೋದು, ವಾಸನೆ ಬರೋದು, ದುಃಖದಲ್ಲಿರೋ ಎಷ್ಟೋ ಜನಕ್ಕೆ ಆಗುತ್ತೆ, ಡಾಕ್ಟರ್‌ಗಳಿಗೂ ಗೊತ್ತಿರೋ ವಿಷಯ, ಅದು ಹುಚ್ಚಲ್ಲ, ದೆವ್ವವೂ ಅಲ್ಲ. ಎಷ್ಟೋ ವರ್ಷ ಒಂದೇ ಹೊತ್ತಿಗೆ ಒಂದೇ ಶಬ್ದ ಕೇಳಿದ ಕಿವಿ ಅಣ್ಣ ಅದು, ಅದಕ್ಕೆ ಇನ್ನೂ ಗೊತ್ತಾಗಿಲ್ಲ. ನಿದ್ದೆ ಪೂರ್ತಿ ಕೆಟ್ರೆ ಮಾತ್ರ ಡಾಕ್ಟರ್ ಹತ್ರ ಹೋಗಿ.

ಇನ್ನೊಂದು, ಟ್ಯೂಬ್ ಹಾಕಿದಾಗ ದನಿ ಬರಲ್ಲ, ತುಟಿ ಮಾತ್ರ ಅಲ್ಲಾಡುತ್ತೆ. ನಾನು ನೋಡಿರೋ ಹಾಗೆ ಆ ಹೊತ್ತಲ್ಲಿ ಅಮ್ಮಂದಿರು ಹೇಳೋಕೆ ನೋಡೋದು ಹೆಚ್ಚಾಗಿ ನೀರು ಬೇಕು ಅಂತ, ಇಲ್ಲ ಊಟ ಮಾಡ್ದಾ ಅಂತ. ನಿಮ್ಮಮ್ಮ ಏನಂದ್ರು ಅಂತ ನಾನು ಹೇಳೋಕಾಗಲ್ಲ. ನೋಡಿದ್ದು ಹೇಳಿದೆ.

ಮಲ್ಲೇಶ್ವರದ ಗೆಳೆಯ:
ನಾನು ಹಿಂದೂ, ಇಲ್ಲಿ ಓದ್ತಾ ಇರ್ತೀನಿ. ದೊಡ್ಡಮ್ಮನ ಪರವಾಗಿ ಒಂದು ಮಾತು. ಎಡೆ ಇಟ್ಟು ಕಾಗೆಗೆ ಕಾಯೋದು ತಂಗಿಯನ್ನ ಹಸಿವಲ್ಲಿ ಬಿಡಬಾರದು ಅಂತ. ಅವರಿಗೂ ತಂಗಿ ಹೋಗಿದಾಳೆ ಅನ್ನೋದು ಮರೀಬೇಡಿ.

ಬೈಬಲ್ ಕ್ಲಾಸ್ ಅಕ್ಕ:
ಖಂಡಿತ. ಧರ್ಮೋಪದೇಶಕಾಂಡ 26:14ರಲ್ಲಿ ದಶಮಾಂಶದಲ್ಲಿ, ಅಂದ್ರೆ ದೇವರಿಗೆ ಅಂತ ತೆಗೆದಿಟ್ಟ ಹತ್ತನೇ ಒಂದು ಪಾಲಲ್ಲಿ, ಏನನ್ನೂ ಸತ್ತವರಿಗೆ ಕೊಟ್ಟಿಲ್ಲ ಅಂತ ಇಸ್ರಾಯೇಲ್ಯರು ದೇವರ ಮುಂದೆ ಹೇಳ್ಬೇಕಿತ್ತು, ಅಂದ್ರೆ ಅವರ ಸುತ್ತಮುತ್ತಲೂ ಎಡೆ ಇತ್ತು ಅಂತಾಯ್ತು. ನಾವು ಇಡಲ್ಲ. ಆದ್ರೆ ದೊಡ್ಡಮ್ಮನ ಹತ್ರ ವಾದ ಮಾಡ್ಬೇಡ ತಮ್ಮಾ. ದಾವೀದ ರಾಜನ ಕಥೆ ಓದಿ ಹೇಳು, 2 ಸಮುವೇಲ 12. ಅವನ ಕೂಸು ಬದುಕಿರೋವರೆಗೂ ನೆಲದ ಮೇಲೆ ಬಿದ್ದು ಉಪವಾಸ ಇದ್ದ, ಸತ್ತಿದೆ ಅಂತ ಗೊತ್ತಾದ್ಮೇಲೆ ಎದ್ದು ಸ್ನಾನ ಮಾಡಿ ಎಣ್ಣೆ ಹಚ್ಕೊಂಡು ದೇವರ ಮನೆಗೆ ಹೋಗಿ ಬಂದು ಊಟ ಕೇಳಿದ. ಯಾಕೆ ಅಂದಾಗ, ನಾನು ಅವನ ಹತ್ರ ಹೋಗ್ತೀನಿ, ಅವನು ನನ್ನ ಹತ್ರ ಬರಲ್ಲ ಅಂದ. ಅಳ್ಬೇಡ ಅಂತ ನಾನು ಹೇಳ್ತಿಲ್ಲ, ಲಾಜರನನ್ನ ಎಬ್ಬಿಸ್ತೀನಿ ಅಂತ ಗೊತ್ತಿದ್ದೂ ಯೇಸು ಅತ್ತ.

ಕಮ್ಮನಹಳ್ಳಿಯವ:
ನಾಲ್ಕು ದಿನ ಆದ್ಮೇಲೆ ಬರೀತಿದೀನಿ. ಭಾನುವಾರ ಮಾಗಡಿ ರೋಡ್‌ಗೆ ಹೋಗ್ಲಿಲ್ಲ. ಆ ಗ್ರೂಪ್‌ನವ್ರಿಗೆ ಫೋನ್‌ನಲ್ಲೇ ಬೇಡ ಅಂದೆ.

ಶನಿವಾರ ರಾತ್ರಿ ದೊಡ್ಡಮ್ಮ ಅವರೆಕಾಳು ಬಿಡಿಸ್ತಾ ಕೂತಿದ್ರು, ನಾನೂ ಕೂತು ಬಿಡಿಸ್ತಾ ದಾವೀದನ ಕಥೆ ಹೇಳ್ದೆ. ಅವಳು ಬರಲ್ಲ ದೊಡ್ಡಮ್ಮ, ನಾವೇ ಹೋಗೋದು ಅಂದೆ. ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ, ಮತ್ತೆ ಅಲ್ಲೀವರೆಗೂ ಏನು ಮಾಡ್ತಿರ್ತಾಳೆ ಅಂದ್ರು. ನಿದ್ದೆ ಅಂತಾರೆ ಕೆಲವ್ರು, ಯೇಸು ಹತ್ರ ಇದಾಳೆ ಅಂತಾರೆ ಕೆಲವ್ರು, ಹಸಿವು ನೋವು ಇಲ್ಲ ಅನ್ನೋದಂತೂ ನಂಗೆ ಗೊತ್ತು, ಒಂದು ದಿನ ಲಾಜರನನ್ನ ಕರೆದ ಹಾಗೆ ಹೆಸರು ಹಿಡಿದು ಕರೀತಾನೆ, ಆಗ ಎದ್ದು ಬರ್ತಾಳೆ ಅಂದೆ.

ದೊಡ್ಡಮ್ಮ ಕಾಳು ಬಿಡಿಸೋದು ನಿಲ್ಲಿಸಿ, ಯಾವ ಹೆಸರಲ್ಲಿ ಕರೀತಾನೆ, ನಿಮ್ಮಪ್ಪನ ಮನೆಯವ್ರು ಇಟ್ಟಿದ್ದರಲ್ಲೋ ನಮ್ಮಪ್ಪ ಇಟ್ಟಿದ್ದರಲ್ಲೋ ಅಂದ್ರು. ನಾನು ಇಷ್ಟು ವರ್ಷದಲ್ಲಿ ಒಂದು ದಿನಾನೂ ಅದನ್ನ ಯೋಚನೆ ಮಾಡಿರ್ಲಿಲ್ಲ. ಎರಡೂ ಗೊತ್ತಿರುತ್ತೆ ಅವನಿಗೆ ಅಂದೆ. ಅವತ್ತೇ ಅವ್ರು ಜೋರಾಗಿ ಅತ್ತಿದ್ದು, ಮಣ್ಣು ಮಾಡಿದ ದಿನಾನೂ ಹಾಗೆ ಅತ್ತಿರ್ಲಿಲ್ಲ.

ಶಬ್ದ ಇವತ್ತೂ ಕೇಳಿಸ್ತು. ಎದ್ದು ನಾನೇ ಡಿಕಾಕ್ಷನ್ ಹಾಕ್ದೆ.

ಗೋರಿಕಲ್ಲಿಗೆ ಆರ್ಡರ್ ಕೊಡೋಕೆ ನಾಳೆ ಹೋಗ್ತಿದೀನಿ. ಅಮ್ಮನ ಎರಡೂ ಹೆಸರು ಹಾಕಿಸ್ತೀನಿ, ಊರ ಹೆಸರು ಮೊದಲು, ಕೆಳಗೆ ದೀಕ್ಷಾಸ್ನಾನದ್ದು, ಅದರ ಕೆಳಗೆ ಯೋಹಾನ 11:25, ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ ಅನ್ನೋ ಯೇಸು ಮಾತು. ಮೇಷ್ಟ್ರೇ, ಕಲ್ಲಿನವ್ರು ಬರೆದುಕೊಟ್ಟ ಹಾಗೇ ಕೆತ್ತುತಾರಂತೆ, ರಾತ್ರಿ ಅಕ್ಷರ ಕಳಿಸ್ತೀನಿ, ಕಾಗುಣಿತ ಒಂದ್ಸಲ ನೋಡ್ಕೊಡ್ತೀರಾ?

ಚಾಮರಾಜಪೇಟೆ ಮೇಷ್ಟ್ರು:
ಕಳಿಸಪ್ಪ. ಎದ್ದಿರ್ತೀನಿ.